ಕಾಲ ಬದಲಾದಾಗ ಮನೆಯವರೆಲ್ಲ ಸೇರಿ ಏನು ಮಾಡಬಹುದು? ಋತುಗಳನ್ನು ಬರಮಾಡಿಕೊಳ್ಳಲು ಒಂದು ಸಮಗ್ರ ಮಾರ್ಗದರ್ಶಿ

ಕಾಲ ಬದಲಾಯಿತು ಅನ್ನುವುದು ಈಗ ಎಷ್ಟೋ ಮನೆಗಳಿಗೆ ಗೊತ್ತಾಗುವುದೇ ಜಾಹೀರಾತಿನಿಂದ. ಕಿಟಕಿ ಮುಚ್ಚಿರುತ್ತದೆ. ಒಳಗೆ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಹವೆ. ಕತ್ತಲಾಗುವ ಮೊದಲೇ ದೀಪ ಉರಿಯುತ್ತದೆ. ಚಳಿಗಾಲದ ರಿಯಾಯಿತಿ ಅಂತ ಫೋನಿಗೆ ಸಂದೇಶ ಬಂದಾಗ, ಓ, ಆಗಲೇ ಚಳಿ ಶುರುವಾಯಿತಾ ಅನ್ನಿಸುತ್ತದೆ. ಮಕ್ಕಳಿಗಂತೂ ಋತು ಅಂದರೆ ಪಾಠದ ಪುಸ್ತಕದಲ್ಲಿರುವ ಒಂದು ಚಿತ್ರ, ಅಷ್ಟೇ.

ಇದನ್ನು ಬದಲಿಸಬೇಕು ಅಂತ ಹೊರಟವರು ಸಾಮಾನ್ಯವಾಗಿ ಅಲಂಕಾರದಿಂದ ಶುರು ಮಾಡುತ್ತಾರೆ. ಬಣ್ಣದ ಕಾಗದ, ಹೊಸ ಬಟ್ಟೆ, ತರಬೇಕಾದ ಸಾಮಾನಿನ ಪಟ್ಟಿ. ಮೊದಲ ವರ್ಷ ಭರ್ಜರಿಯಾಗಿ ನಡೆಯುತ್ತದೆ. ಎರಡನೇ ವರ್ಷ ಅಮ್ಮನಿಗೋ ಅಪ್ಪನಿಗೋ ಸಾಕಾಗಿರುತ್ತದೆ. ಮೂರನೇ ವರ್ಷಕ್ಕೆ ಯಾರಿಗೂ ನೆನಪೇ ಇರುವುದಿಲ್ಲ. ಇಲ್ಲಿ ನಾನು ಹೇಳುವ ದಾರಿ ಬೇರೆ. ಮೊದಲು ಹೊರಗೆ ಏನಾಗುತ್ತಿದೆ ಅಂತ ನೋಡುವುದು. ಅದರಲ್ಲಿ ಒಂದು ಗುರುತು ಹಿಡಿಯುವುದು. ಆ ಗುರುತು ಕಂಡ ದಿನ ಮನೆಯವರೆಲ್ಲ ಸೇರಿ ಒಂದು ಸಣ್ಣ ಕೆಲಸ ಮಾಡುವುದು. ಇಷ್ಟಾದರೆ ಅಲಂಕಾರ ಬೇಕೋ ಬೇಡವೋ ಅಂತ ಆಮೇಲೆ ನೋಡಿಕೊಳ್ಳಬಹುದು.

ಶುರುವಿನಲ್ಲೇ ಒಂದು ವ್ಯತ್ಯಾಸ ತಿಳಿದಿರಲಿ. ಕುಟುಂಬಗಳ ದಿನಚರಿ ಮತ್ತು ಆಚರಣೆಗಳ ಬಗ್ಗೆ 50 ವರ್ಷಗಳಲ್ಲಿ ನಡೆದ ಅಧ್ಯಯನಗಳನ್ನು ಅಮೆರಿಕದ ಮನಶ್ಶಾಸ್ತ್ರಜ್ಞೆ ಬಾರ್ಬರಾ ಫೀಸ್ ಮತ್ತು ಸಂಗಡಿಗರು 2002ರಲ್ಲಿ ಒಟ್ಟಿಗೆ ಇಟ್ಟು ನೋಡಿದರು. ಅವರು ಎರಡನ್ನೂ ಬೇರೆ ಬೇರೆ ಮಾಡಿದ ಬಗೆ ನಮಗೆ ಉಪಯೋಗಕ್ಕೆ ಬರುತ್ತದೆ. ದಿನಚರಿ ಅಂದರೆ ಆಗಬೇಕಾದ ಕೆಲಸ. ಮುಗಿದ ಮೇಲೆ ಅದರ ಬಗ್ಗೆ ಯಾರೂ ಯೋಚಿಸುವುದಿಲ್ಲ. ಆಚರಣೆಯಲ್ಲಿ ‘ನಮ್ಮ ಮನೆಯವರು ಅಂದರೆ ಹೀಗೆ’ ಅನ್ನುವ ಭಾವ ಇರುತ್ತದೆ. ಮುಗಿದ ಮೇಲೂ ಅದರ ಮಾತು ನಡೆಯುತ್ತಿರುತ್ತದೆ. ಕಂಬಳಿ ತೆಗೆದು ಬಿಸಿಲಿಗೆ ಹಾಕುವುದು ದಿನಚರಿ. ವರ್ಷದ ಮೊದಲ ಚಳಿಯ ದಿನ ಎಲ್ಲರೂ ಸೇರಿ ಕಂಬಳಿ ತೆಗೆಯುವುದು, ಯಾರಿಗೆ ಯಾವುದು ಅಂತ ಜಗಳವಾಡುವುದು, ಕಳೆದ ವರ್ಷ ಅದರಲ್ಲಿ ಸಿಕ್ಕಿಸಿಟ್ಟ ಚೀಟಿ ಓದುವುದು ಆಚರಣೆ. ಕೆಲಸ ಒಂದೇ, ಅಲ್ವಾ? ಹಾಗಾಗಿ ಹೊಸದೇನನ್ನೋ ಹುಡುಕಬೇಕಾಗಿಲ್ಲ. ಮನೆಯಲ್ಲಿ ಹೇಗೂ ನಡೆಯುವ ಕೆಲಸಗಳಲ್ಲೇ ಅರ್ಧ ಸಿಗುತ್ತದೆ.

ಹಂತ 1: ನಿಮ್ಮ ಊರಿಗೆ ಎಷ್ಟು ಋತು ಅಂತ ನೀವೇ ಎಣಿಸಿ

ಪುಸ್ತಕದ ಲೆಕ್ಕವನ್ನು ಸ್ವಲ್ಪ ಪಕ್ಕಕ್ಕಿಡಿ. ಕೆಲವು ಕಡೆ ನಾಲ್ಕು ಋತು, ಕೆಲವು ಕಡೆ ಆರು. ಭೂಮಧ್ಯರೇಖೆಯ ಹತ್ತಿರ ಮಳೆಗಾಲ, ಮಳೆ ಇಲ್ಲದ ಕಾಲ ಅಂತ ಎರಡೇ ಇರುವ ಜಾಗಗಳೂ ಇವೆ. ನೀವು ಇರುವಲ್ಲಿ ಮೈಗೆ ಗೊತ್ತಾಗುವಷ್ಟು ಬದಲಾವಣೆ ವರ್ಷಕ್ಕೆ ಎಷ್ಟು ಸಲ ಆಗುತ್ತದೆ ಅನ್ನುವುದೇ ಮುಖ್ಯ. ಊಟದ ಹೊತ್ತಿಗೆ ಈ ಪ್ರಶ್ನೆ ಎತ್ತಿ ನೋಡಿ. ‘ಗಾಳಿ ಜಾಸ್ತಿ ಇರೋ ಕಾಲ’, ‘ಧೂಳಿನ ಕಾಲ’, ‘ಸೊಳ್ಳೆ ಕಾಲ’ ಅಂತ ಮಕ್ಕಳು ಹೇಳುತ್ತಾರೆ. ನಗಬೇಡಿ. ಸೊಳ್ಳೆ ಕಾಲ ಪುಸ್ತಕದ ಶಿಶಿರಕ್ಕಿಂತ ನಿಮ್ಮ ಮನೆಗೆ ಹತ್ತಿರದ ಋತು ಇರಬಹುದು.

ಆಕಾಶದ ಲೆಕ್ಕವೂ ಗೊತ್ತಿರಲಿ. ಮಕ್ಕಳು ಕೇಳಿಯೇ ಕೇಳುತ್ತಾರೆ. ಭೂಮಿಯ ಅಕ್ಷ ಸುಮಾರು 23.4 ಡಿಗ್ರಿ ವಾಲಿದೆ. ಋತುಗಳಿಗೆ ಕಾರಣ ಈ ವಾಲು. ಸೂರ್ಯ ಹತ್ತಿರ ಬಂದಾಗ ಬೇಸಿಗೆ, ದೂರ ಹೋದಾಗ ಚಳಿಗಾಲ ಅನ್ನುವುದು ತಪ್ಪು ತಿಳಿವಳಿಕೆ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ಜನವರಿ ಮೊದಲ ವಾರದಲ್ಲಿ. ಉತ್ತರಾರ್ಧ ಗೋಳದಲ್ಲಿ ಆಗ ಚಳಿಗಾಲ. ಮಕ್ಕಳಿಗೆ ಇದೊಂದನ್ನು ಹೇಳಿದರೆ ಸಾಕು, ಅರ್ಧ ಗಂಟೆ ವಾದ ನಡೆಯುತ್ತದೆ.

ವರ್ಷದಲ್ಲಿ ನಾಲ್ಕು ತಿರುವುಗಳಿವೆ. ಮಾರ್ಚ್ 20ರ ಆಸುಪಾಸು ಮತ್ತು ಸೆಪ್ಟೆಂಬರ್ 22 ಅಥವಾ 23ರಂದು ಹಗಲು ರಾತ್ರಿ ಹೆಚ್ಚುಕಡಿಮೆ ಸಮ. ಜೂನ್ 21ರ ಆಸುಪಾಸು ಉತ್ತರದವರಿಗೆ ಅತಿ ಉದ್ದದ ಹಗಲು. ಡಿಸೆಂಬರ್ 21 ಅಥವಾ 22ರಂದು ಅತಿ ಚಿಕ್ಕ ಹಗಲು. ದಕ್ಷಿಣಾರ್ಧ ಗೋಳದಲ್ಲಿ ಇದು ಪೂರ್ತಿ ತಿರುಗುಮುರುಗು. ಆದರೆ ಹವೆ ಈ ದಿನಾಂಕಗಳನ್ನು ತಕ್ಷಣ ಪಾಲಿಸುವುದಿಲ್ಲ. ನೆಲ, ನೀರು ಬಿಸಿಯಾಗಲು ಸಮಯ ಬೇಕು, ತಣಿಯಲೂ ಬೇಕು. ಅದಕ್ಕೇ ಸಮಶೀತೋಷ್ಣ ದೇಶಗಳಲ್ಲಿ ನಿಜವಾದ ಸೆಕೆ, ನಿಜವಾದ ಚಳಿ ಈ ತಿರುವು ಕಳೆದು ಕೆಲವು ವಾರಗಳ ಮೇಲೆ ಬರುತ್ತವೆ.

ಕೊನೆಗೆ ಒಂದು ಹಾಳೆಯ ಮೇಲೆ ದೊಡ್ಡ ವೃತ್ತ ಬರೆದು 12 ತಿಂಗಳು ಗುರುತಿಸಿ. ಮನೆಯವರು ಹೇಳಿದ ಋತುಗಳನ್ನು ಅದರಲ್ಲಿ ಬರೆಯಿರಿ. ಭಾಗಗಳು ಸಮ ಇರಬೇಕಾಗಿಲ್ಲ. ನಿಮ್ಮ ಮಳೆಗಾಲ ಐದು ತಿಂಗಳಿದ್ದರೆ ಐದು ತಿಂಗಳೇ ಇರಲಿ.

ಹಂತ 2: ಪ್ರತಿ ಋತುವಿಗೆ ಒಂದು ಗುರುತು ಹಿಡಿಯಿರಿ

ಇಡೀ ವಿಷಯ ನಿಂತಿರುವುದು ಈ ಹಂತದ ಮೇಲೆ. ಹಾಗಾಗಿ ಇದಕ್ಕೆ ಜಾಸ್ತಿ ಜಾಗ ಕೊಡುತ್ತೇನೆ.

ಕ್ಯಾಲೆಂಡರಿನ ದಿನಾಂಕಕ್ಕೆ ಕಟ್ಟಿದ ಆಚರಣೆಯಲ್ಲಿ ಕಾಯುವುದು ಇರುವುದಿಲ್ಲ. ದಿನ ಬರುತ್ತದೆ, ಮಾಡುತ್ತೇವೆ. ಗುರುತಿಗೆ ಕಟ್ಟಿದರೆ ಯಾವತ್ತು ಬರುತ್ತದೋ ಗೊತ್ತಿಲ್ಲ. ಮನೆಯವರೆಲ್ಲ ಹೊರಗೆ ಕಣ್ಣಿಟ್ಟು ಕಾಯುತ್ತಾರೆ. ಮೊದಲು ಕಂಡವರು ಕೂಗಿ ಹೇಳುತ್ತಾರೆ. ಖುಷಿಯ ದೊಡ್ಡ ಪಾಲು ಆ ಕಾಯುವುದರಲ್ಲೇ ಇದೆ.

ಇದಕ್ಕೊಂದು ಅಪರೂಪದ ಉದಾಹರಣೆ ಇದೆ. ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ರಾಬರ್ಟ್ ಮಾರ್ಷಮ್ ಎಂಬ ಜಮೀನುದಾರರಿದ್ದರು. ಮರಗಳೆಂದರೆ ಅವರಿಗೆ ಪ್ರಾಣ. 1736ರಲ್ಲಿ ಅವರು ತಮ್ಮ ತೋಟದಲ್ಲಿ ವಸಂತ ಕಾಲಿಡುವ ಗುರುತುಗಳನ್ನು ಬರೆದಿಡಲು ಶುರು ಮಾಡಿದರು. ಯಾವ ಮರ ಯಾವತ್ತು ಚಿಗುರಿತು, ಯಾವ ಹೂವು ಯಾವತ್ತು ಅರಳಿತು, ಕಪ್ಪೆ ಯಾವತ್ತು ವಟಗುಟ್ಟಿತು, ಕವಲುತೋಕೆ ಹಕ್ಕಿ ಯಾವತ್ತು ಬಂತು. ಅವರು ತೀರಿಕೊಂಡ ಮೇಲೂ ಮನೆಯವರು ಬರೆಯುವುದನ್ನು ಬಿಡಲಿಲ್ಲ. ತಲೆಮಾರಿನಿಂದ ತಲೆಮಾರಿಗೆ ದಾಟುತ್ತಾ ಆ ದಾಖಲೆ 1958ರವರೆಗೂ ಬಂತು. ಹವಾಮಾನ ಹೇಗೆ ಬದಲಾಗಿದೆ ಅಂತ ತಿಳಿಯಲು ವಿಜ್ಞಾನಿಗಳು ಇವತ್ತು ಅದನ್ನು ನೋಡುತ್ತಾರೆ. ಒಂದು ಮನೆಯ ಹವ್ಯಾಸ 200 ವರ್ಷ ದಾಟಿ ಉಳಿಯಲು ಬೇಕಾಗಿದ್ದು ಒಂದು ಪುಸ್ತಕ, ಒಂದು ಪೆನ್ನು, ಹೊರಗೆ ನೋಡುವ ಅಭ್ಯಾಸ, ಇಷ್ಟೇ.

ಒಳ್ಳೆಯ ಗುರುತು ಹೇಗಿರಬೇಕು? ಚಿಕ್ಕ ಮಗುವಿಗೂ ಕಾಣಬೇಕು ಅಥವಾ ಕೇಳಬೇಕು. ಮನೆಯಿಂದ ಐದು ನಿಮಿಷದ ದೂರದಲ್ಲಿರಬೇಕು. ಬಂತೋ ಇಲ್ಲವೋ ಅನ್ನುವುದರಲ್ಲಿ ಅನುಮಾನ ಇರಬಾರದು. ‘ಸೆಕೆ ಶುರುವಾಯಿತು’ ಅನ್ನುವುದು ಗುರುತಲ್ಲ, ಅದು ಅಭಿಪ್ರಾಯ. ‘ರಾತ್ರಿ ಹೊದಿಕೆ ಬೇಡ ಅಂತ ಮನೆಯವರೆಲ್ಲ ಒಪ್ಪಿದ ಮೊದಲ ದಿನ’ ಅನ್ನುವುದು ಗುರುತು. ಕೆಲವು ಬಗೆ ಇಲ್ಲಿವೆ, ನಿಮ್ಮ ಜಾಗಕ್ಕೆ ಹೊಂದುವುದನ್ನು ಆರಿಸಿಕೊಳ್ಳಿ:

- ಒಂದೇ ಒಂದು ಮರ. ಎಲೆ ಉದುರಿಸುವ ಜಾತಿಯದಾದರೆ ಇನ್ನೂ ಒಳ್ಳೆಯದು. ಅದು ನಿಮ್ಮದೇ ಆಗಿರಬೇಕಾಗಿಲ್ಲ, ರಸ್ತೆ ಬದಿಯದಾದರೂ ಸೈ. ಮೊದಲ ಚಿಗುರು, ಮೊದಲ ಹೂವು, ಪೂರ್ತಿ ಬೋಳಾದ ದಿನ, ಹೀಗೆ ಒಂದೇ ಮರದಲ್ಲಿ ಮೂರು ಗುರುತು ಸಿಗುತ್ತವೆ.
- ಮೊದಲ ಸದ್ದು. ಕಪ್ಪೆ, ಜೀರುಂಡೆ, ವಲಸೆ ಬರುವ ಹಕ್ಕಿ, ಮಾಡಿನ ಮೇಲೆ ಮಳೆ.
- ಆ ಕಾಲಕ್ಕೆ ಮಾತ್ರ ಸಿಗುವ ಹಣ್ಣೋ ತರಕಾರಿಯೋ ಮನೆಗೆ ಬಂದ ಮೊದಲ ದಿನ.
- ಆಕಾಶ. ಮರಗಿಡ ಇಲ್ಲದ ಎತ್ತರದ ಕಟ್ಟಡದಲ್ಲಿ ಇರುವವರಿಗೆ ಇದೇ ಗತಿ. ಗತಿ ಅಂತ ಬೇಸರ ಬೇಡ, ಇದರಷ್ಟು ನಂಬಿಕೆಯ ಗುರುತು ಇನ್ನೊಂದಿಲ್ಲ.

ಆಕಾಶದ ಬಗ್ಗೆ ಇನ್ನೂ ಸ್ವಲ್ಪ. ಸಾಲಾಗಿ ನಿಂತ ಮೂರು ನಕ್ಷತ್ರಗಳಿಂದ ಗುರುತು ಸಿಗುವ ಒರೈಯನ್ ಪುಂಜ, ಅಂದರೆ ಮಹಾವ್ಯಾಧ, ಡಿಸೆಂಬರಿನಿಂದ ಮಾರ್ಚ್ ತನಕ ಸಂಜೆಯ ಆಕಾಶದಲ್ಲಿರುತ್ತದೆ. ಮೇ ಹೊತ್ತಿಗೆ ಸೂರ್ಯಾಸ್ತದ ಬೆಳಕಿನಲ್ಲಿ ಮುಳುಗಿಹೋಗುತ್ತದೆ. ಜೂನ್, ಜುಲೈ ಬಂತೆಂದರೆ ಆ ಹೊತ್ತಿನಲ್ಲಿ ವೃಶ್ಚಿಕದ ಕೊಂಡಿ ಕಾಣುತ್ತದೆ. ನಗರದ ಬೆಳಕಿನಲ್ಲೂ ಒರೈಯನ್ ಕಾಣುತ್ತದೆ. ಜನವಸತಿ ಇರುವ ಎಲ್ಲ ಖಂಡಗಳಿಂದಲೂ ಕಾಣುತ್ತದೆ. ದೂರದೇಶದಲ್ಲಿರುವ ಮಗಳಿಗೆ ಫೋನ್ ಮಾಡಿ ‘ನಿನಗೂ ಕಂಡಿತಾ?’ ಅಂತ ಕೇಳಬಹುದು.

ಸೂರ್ಯ ಹುಟ್ಟುವ ಅಥವಾ ಮುಳುಗುವ ಜಾಗವನ್ನೂ ಗುರುತಾಗಿ ಹಿಡಿಯಬಹುದು. ಅದು ವರ್ಷವಿಡೀ ದಿಗಂತದ ಮೇಲೆ ಅತ್ತಿತ್ತ ಸರಿಯುತ್ತದೆ. ಚಾಚಿದ ಕೈಯ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ ಅನ್ನುವ ಲೆಕ್ಕ ಹಿಡಿದರೆ, ಉಷ್ಣವಲಯದಲ್ಲಿ ಜೂನ್‌ನಿಂದ ಡಿಸೆಂಬರಿಗೆ ಅದು ಸುಮಾರು ಐದು ಮುಷ್ಟಿಯಷ್ಟು ಸರಿಯುತ್ತದೆ. 45 ಡಿಗ್ರಿ ಅಕ್ಷಾಂಶದಲ್ಲಿ ಸುಮಾರು ಏಳು ಮುಷ್ಟಿ. ‘ಸೂರ್ಯ ನೀರಿನ ಟ್ಯಾಂಕ್ ದಾಟಿದ ದಿನ’ ನಿಮ್ಮ ಮನೆಯ ಹಬ್ಬ ಆಗಬಾರದು ಅಂತ ಯಾವ ನಿಯಮವೂ ಇಲ್ಲ. ಆದರೆ ಸೂರ್ಯನನ್ನೇ ದಿಟ್ಟಿಸಬಾರದು ಅನ್ನುವ ನಿಯಮ ಇದೆ. ಮಕ್ಕಳಿಗೆ ಮೊದಲೇ ಹೇಳಿ.

ಗುರುತು ಕಂಡಿತು ಅಂತ ಘೋಷಿಸುವ ಹಕ್ಕು ಯಾರಿಗೆ? ಇದನ್ನು ಮುಂಚೆಯೇ ತೀರ್ಮಾನಿಸಿ. ಒಬ್ಬರು ಕಂಡರೆ ಸಾಲದು, ಇಬ್ಬರು ಒಪ್ಪಬೇಕು ಅನ್ನುವ ನಿಯಮ ಚೆನ್ನಾಗಿ ನಡೆಯುತ್ತದೆ. ಇಲ್ಲವಾದರೆ ಆರು ವರ್ಷದವರು ದಿನಾ ಬೆಳಿಗ್ಗೆ ಚಿಗುರು ಕಾಣುತ್ತಾರೆ.

ಹಂತ 3: ಗುರುತು ಕಂಡ ದಿನ ಏನು ಮಾಡುವುದು?

ಒಂದು ಮಾಡುವ ಕೆಲಸ, ಒಂದು ಆಡುವ ಮಾತು, ಒಂದು ಉಳಿಸಿಕೊಳ್ಳುವ ವಸ್ತು. ಮೂರೂ ಸೇರಿ ಒಂದು ಗಂಟೆ ಮೀರಬಾರದು. ಗುರುತು ಕೆಲಸದ ದಿನವೇ ಕಾಣಬಹುದು, ಸುಸ್ತಾದ ಸಂಜೆಯೇ ಬರಬಹುದು. ಒಂದು ಗಂಟೆಗಿಂತ ಉದ್ದವಾದರೆ ‘ಭಾನುವಾರ ಮಾಡೋಣ’ ಅಂತ ಮುಂದಕ್ಕೆ ಹೋಗುತ್ತದೆ. ಆ ಭಾನುವಾರ ಬರುವುದಿಲ್ಲ.

ಮಾಡುವ ಕೆಲಸಕ್ಕೆ ಕೆಲವು ದಾರಿ. ಮೊದಲ ಮಳೆಗೆ ಕಿಟಕಿಗಳನ್ನೆಲ್ಲ ತೆರೆದು, ಐದು ನಿಮಿಷ ಯಾರೂ ಮಾತಾಡದೆ ಸದ್ದನ್ನು ಫೋನಿನಲ್ಲಿ ಧ್ವನಿಮುದ್ರಿಸಿ. ಪ್ರತಿ ವರ್ಷದ ಧ್ವನಿಯನ್ನೂ ಒಂದೇ ಫೋಲ್ಡರಿನಲ್ಲಿ ಇಡಿ. ಸೆಕೆ ಶುರುವಾದಾಗ ಕಪಾಟಿನ ದಪ್ಪ ಬಟ್ಟೆ ಒಳಗೆ, ತೆಳು ಬಟ್ಟೆ ಹೊರಗೆ. ಚಿಕ್ಕದಾದ ಬಟ್ಟೆ ಮುಂದೆ ಯಾರಿಗೆ ಅಂತ ಅವತ್ತೇ ನಿರ್ಧಾರ ಆಗಲಿ. ಮಳೆ ನಿಂತ ಮೇಲಿನ ಮೊದಲ ಒಣ ದಿನ ಎಲ್ಲರೂ ಪ್ರತಿ ವರ್ಷ ಹೋಗುವ ದಾರಿಯಲ್ಲೇ ನಡೆದುಬನ್ನಿ. ದಾರಿ ಒಂದೇ ಆಗಿರುವುದು ಮುಖ್ಯ, ಏನು ಬದಲಾಗಿದೆ ಅಂತ ಕಾಣುವುದು ಆಗಲೇ. ವರ್ಷದ ಅತಿ ಉದ್ದದ ರಾತ್ರಿ ಒಂದು ಗಂಟೆ ವಿದ್ಯುತ್ ದೀಪ ಆರಿಸಿ, ಒಂದೇ ಸಣ್ಣ ದೀಪದ ಸುತ್ತ ಕೂತು ಮಾತಾಡಿ. ಹದಿಹರೆಯದವರು ಮೊದಲ ಹತ್ತು ನಿಮಿಷ ಮುಖ ಸಿಂಡರಿಸುತ್ತಾರೆ. ಕತ್ತಲಲ್ಲಿ ಅದು ಕಾಣುವುದಿಲ್ಲ, ಅದೊಂದು ಅನುಕೂಲ.

ರಾತ್ರಿ ಎಚ್ಚರ ಇರುವುದೆಂದರೆ ಮಕ್ಕಳಿಗೆ ಇಷ್ಟ. ಅಂಥ ಮನೆಗೆ ಉಲ್ಕೆ ನೋಡುವ ರಾತ್ರಿ ಹೇಳಿ ಮಾಡಿಸಿದ್ದು. ಜೆಮಿನಿಡ್ ಉಲ್ಕಾವೃಷ್ಟಿ ಡಿಸೆಂಬರ್ 13–14ರ ಆಸುಪಾಸು, ಪರ್ಸೀಡ್ ಆಗಸ್ಟ್ 12–13ರ ಆಸುಪಾಸು ಜೋರಾಗಿರುತ್ತವೆ. ಪರ್ಸೀಡ್ ಉತ್ತರಾರ್ಧ ಗೋಳದವರಿಗೆ ಚೆನ್ನಾಗಿ ಕಾಣುತ್ತದೆ. ಜೆಮಿನಿಡ್ ದಕ್ಷಿಣದ ಬಹುಪಾಲು ಜಾಗಗಳಿಂದಲೂ ಕಾಣುತ್ತದೆ. ದೂರದರ್ಶಕ ಬೇಡ, ಚಾಪೆ ಸಾಕು. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು 20–30 ನಿಮಿಷ ಬೇಕು. ಮಧ್ಯದಲ್ಲಿ ಒಬ್ಬರು ಫೋನ್ ನೋಡಿದರೆ ಮತ್ತೆ ಮೊದಲಿನಿಂದ. ಹುಣ್ಣಿಮೆಯ ಹತ್ತಿರ ಬಿದ್ದ ವರ್ಷ ಹೆಚ್ಚು ನಿರೀಕ್ಷೆ ಇಟ್ಟುಕೊಳ್ಳಬೇಡಿ.

ಆಡುವ ಮಾತು ಅಂದೆ. ಭಾಷಣ ಬೇಡ. ಒಂದೇ ಪ್ರಶ್ನೆ ಇಟ್ಟುಕೊಳ್ಳಿ, ಪ್ರತಿ ಸಲ ಅದನ್ನೇ ಕೇಳಿ. ‘ಈ ಕಾಲದಲ್ಲಿ ನಿನಗೆ ಏನು ಬೇಕು, ಏನು ಸಾಕು?’ ಅನ್ನುವುದು ನನಗೆ ಇಷ್ಟವಾದ ಪ್ರಶ್ನೆ. ಚಿಕ್ಕವರು ಐಸ್‌ಕ್ರೀಮ್ ಬೇಕು, ಹೋಮ್‌ವರ್ಕ್ ಸಾಕು ಅನ್ನುತ್ತಾರೆ. ದೊಡ್ಡವರು ಬೇರೆ ಸಮಯದಲ್ಲಿ ಹೇಳದ ಮಾತೊಂದನ್ನು ಇಲ್ಲಿ ಹೇಳಿಬಿಡುತ್ತಾರೆ.

ಉಳಿಸಿಕೊಳ್ಳುವ ವಸ್ತು ಚಪ್ಪಟೆಯಾಗಿದ್ದರೆ ಒಳ್ಳೆಯದು. ಉದುರಿದ ಎಲೆ, ಒಂದು ಚೀಟಿ, ಪ್ರತಿ ಸಲ ಒಂದೇ ಜಾಗದಲ್ಲಿ ನಿಂತು ತೆಗೆದ ಫೋಟೊ. ಎಲೆಯನ್ನು ಹಳೆ ಪತ್ರಿಕೆಯ ಮಧ್ಯೆ ಇಟ್ಟು, ಮೇಲೆ ಭಾರ ಹೇರಿ, ಒಂದೆರಡು ವಾರ ಬಿಟ್ಟರೆ ಒಣಗುತ್ತದೆ. ಕಲ್ಲು, ಕಾಯಿ, ಚಿಪ್ಪು ಅಂತ ಗುಡ್ಡೆ ಹಾಕಿದರೆ ನಾಲ್ಕು ವರ್ಷಕ್ಕೆ ಒಂದು ಕಪಾಟು ಬೇಕಾಗುತ್ತದೆ.

ಹಂತ 4: ನೆರಳಿನ ಕೋಲು ನೆಡಿ

ಇದೊಂದನ್ನು ಬೇರೆಯಾಗಿಯೇ ಹೇಳುತ್ತೇನೆ. ಎಲ್ಲ ವಯಸ್ಸಿನವರನ್ನೂ ಹಿಡಿದಿಡುವ, ಖರ್ಚೇ ಇಲ್ಲದ ಆಚರಣೆ ಇದು. ವರ್ಷಕ್ಕೆ ನಾಲ್ಕು ಸಲ, ಆಗಲೇ ಹೇಳಿದ ನಾಲ್ಕು ತಿರುವಿನ ದಿನಗಳಲ್ಲಿ ಮಾಡಬೇಕು. ಅವತ್ತು ಮೋಡ ಇದ್ದರೆ ಎರಡು ದಿನ ಆಚೀಚೆ ಆದರೂ ನಡೆಯುತ್ತದೆ.

1. ಒಂದು ಮೀಟರ್ ಉದ್ದದ ನೇರ ಕೋಲು ಹುಡುಕಿ. ಮಧ್ಯಾಹ್ನ ಬಿಸಿಲು ಬೀಳುವ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ತಾರಸಿಯಾದರೆ ಕುಂಡದ ಮಣ್ಣಿನಲ್ಲಿ ನೆಡಬಹುದು. ಆಗ ಕುಂಡದ ಎತ್ತರವೂ ಸೇರಿ ಒಂದು ಮೀಟರ್ ಆಗಬೇಕು.
2. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಕೋಲು ನೆಟ್ಟಗಿದೆಯೇ ನೋಡಿ.
3. 11 ಗಂಟೆಯಿಂದ ಪ್ರತಿ ಹತ್ತು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಸೀಮೆಸುಣ್ಣದಿಂದ ಚುಕ್ಕೆ ಇಡಿ. ನೆರಳು ಚಿಕ್ಕದಾಗುತ್ತಾ ಹೋಗಿ, ಮತ್ತೆ ಉದ್ದವಾಗಲು ಶುರುವಾಗುವ ತನಕ ಬಿಡಬೇಡಿ.
4. ಅತಿ ಚಿಕ್ಕ ನೆರಳಿನ ಚುಕ್ಕೆಯನ್ನು ಕೋಲಿನ ಬುಡಕ್ಕೆ ಸೇರಿಸಿ ಗೆರೆ ಎಳೆಯಿರಿ. ಅದೇ ನಿಮ್ಮ ನಿಜವಾದ ಉತ್ತರ-ದಕ್ಷಿಣ. ಆ ಕ್ಷಣವೇ ನಿಜವಾದ ಮಧ್ಯಾಹ್ನ. ಗಡಿಯಾರದಲ್ಲಿ ಆಗ 12 ಆಗಿರುವುದು ಅಪರೂಪ.
5. ನೆರಳನ್ನು ಅಳೆದು, ದಿನಾಂಕದ ಜೊತೆ ಬರೆದಿಡಿ. ಹೊರಗಿನ ಜಾಗ ನಿಮ್ಮದೇ ಆಗಿದ್ದರೆ ಅಳಿಸದ ಬಣ್ಣದಿಂದ ಗುರುತು ಮಾಡಿ.

ಎಷ್ಟು ವ್ಯತ್ಯಾಸ ಇರುತ್ತದೆ? ಉತ್ತರಾರ್ಧ ಗೋಳದ 45 ಡಿಗ್ರಿ ಅಕ್ಷಾಂಶದಲ್ಲಿ ಒಂದು ಮೀಟರ್ ಕೋಲಿನ ಮಧ್ಯಾಹ್ನದ ನೆರಳು ಜೂನ್ ತಿರುವಿನಲ್ಲಿ ಸುಮಾರು 40 ಸೆಂಟಿಮೀಟರ್. ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಒಂದು ಮೀಟರ್. ಡಿಸೆಂಬರಿನಲ್ಲಿ ಎರಡೂವರೆ ಮೀಟರ್. 15 ಡಿಗ್ರಿ ಅಕ್ಷಾಂಶದಲ್ಲಾದರೆ ಡಿಸೆಂಬರಿನಲ್ಲಿ ಸುಮಾರು 79 ಸೆಂಟಿಮೀಟರ್, ಮಾರ್ಚ್‌ನಲ್ಲಿ ಸುಮಾರು 27. ಜೂನ್‌ನಲ್ಲಿ ಸುಮಾರು 15 ಸೆಂಟಿಮೀಟರ್, ಅದೂ ಕೋಲಿನ ಇನ್ನೊಂದು ಬದಿಗೆ, ದಕ್ಷಿಣಕ್ಕೆ! ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವೆ ಇರುವವರಿಗೆ ಸೂರ್ಯ ವರ್ಷಕ್ಕೆ ಎರಡು ದಿನ ನೆತ್ತಿಯ ಮೇಲೇ ಬರುತ್ತಾನೆ. ಆ ಮಧ್ಯಾಹ್ನ ಕೋಲಿಗೆ ನೆರಳೇ ಇರುವುದಿಲ್ಲ. ಆ ಎರಡು ದಿನ ನಿಮ್ಮ ಅಕ್ಷಾಂಶಕ್ಕೆ ಯಾವತ್ತು ಬೀಳುತ್ತವೆ ಅಂತ ನೋಡಿಕೊಂಡರೆ, ನಾಲ್ಕು ತಿರುವಿನ ಜೊತೆ ಇನ್ನೆರಡು ಹಬ್ಬ ಸಿಕ್ಕ ಹಾಗಾಯಿತು.

ಮಾರ್ಚ್, ಸೆಪ್ಟೆಂಬರಿನಲ್ಲಿ ಚುಕ್ಕೆಗಳು ಒಂದೇ ನೇರ ಗೆರೆಯಲ್ಲಿ ಬೀಳುತ್ತವೆ. ಉಳಿದ ದಿನಗಳಲ್ಲಿ ಗೆರೆ ಬಾಗುತ್ತದೆ. ಇದನ್ನು ಮೊದಲೇ ಹೇಳಬೇಡಿ. ಮಕ್ಕಳೇ ಕಂಡುಹಿಡಿಯಲಿ.

ಹೊರಗೆ ಜಾಗವೇ ಇಲ್ಲವೇ? ಕಿಟಕಿಯಿಂದ ಬಿಸಿಲು ನೆಲದ ಮೇಲೆ ಬೀಳುತ್ತದಲ್ಲ, ಅದರ ಒಂದು ಮೂಲೆಗೆ ಒಂದೇ ಗಡಿಯಾರದ ಸಮಯದಲ್ಲಿ ತಿಂಗಳಿಗೊಮ್ಮೆ ಸಣ್ಣ ಟೇಪು ಅಂಟಿಸಿ. ವರ್ಷ ತುಂಬುವ ಹೊತ್ತಿಗೆ ಇಂಗ್ಲಿಷಿನ ಎಂಟರ ಅಂಕಿಯಂಥ ಒಂದು ಆಕಾರ ಮೂಡುತ್ತದೆ. ಬೇಸಿಗೆಗೂ ಚಳಿಗಾಲಕ್ಕೂ ಗಡಿಯಾರವನ್ನು ಒಂದು ಗಂಟೆ ಹಿಂದೆಮುಂದೆ ಮಾಡುವ ದೇಶದಲ್ಲಿದ್ದರೆ ಆ ಒಂದು ಗಂಟೆಯನ್ನು ಲೆಕ್ಕ ಹಾಕಿಕೊಳ್ಳಿ.

ಹಂತ 5: ಎಲ್ಲರಿಗೂ ಒಂದೊಂದು ಕೆಲಸ

ಒಬ್ಬರೇ ಎಲ್ಲ ಹೊತ್ತುಕೊಂಡರೆ ಯಾವ ಆಚರಣೆಯೂ ಬಾಳುವುದಿಲ್ಲ. ಆ ಒಬ್ಬರು ಯಾರಾಗಿರುತ್ತಾರೆ ಅಂತ ಎಲ್ಲರಿಗೂ ಗೊತ್ತು. ಅದಕ್ಕೆ ಕೆಲಸಗಳಿಗೆ ಹೆಸರು ಕೊಟ್ಟು ಹಂಚಿ. ಕಾವಲುಗಾರರು ಗುರುತಿಗೆ ಕಣ್ಣಿಡುತ್ತಾರೆ. ಇದು ಚಿಕ್ಕವರ ಕೆಲಸ. ಬರೆಯುವವರು ದಾಖಲೆ ಇಡುತ್ತಾರೆ. ಹದಿಹರೆಯದವರಿಗೆ ಕ್ಯಾಮೆರಾ ಅಥವಾ ಧ್ವನಿಮುದ್ರಣ ಕೊಟ್ಟು, ಹೇಗೆ ಮಾಡಬೇಕು ಅಂತ ಹೇಳಲು ಹೋಗಬೇಡಿ. ಬರುವುದಿಲ್ಲ ಅಂದವರನ್ನು ಎಳೆಯಬೇಡಿ, ಅವರ ಪಾಲಿನ ಜಾಗವನ್ನು ಮಾತ್ರ ಹಾಗೇ ಇಟ್ಟಿರಿ.

ಅಜ್ಜ ಅಜ್ಜಿಯರ ಕೆಲಸ ನೆನಪು ಹೇಳುವುದು. ಅಮೆರಿಕದ ಎಮರಿ ವಿಶ್ವವಿದ್ಯಾಲಯದ ಮಾರ್ಷಲ್ ಡ್ಯೂಕ್ ಮತ್ತು ರಾಬಿನ್ ಫಿವುಷ್ ಮಕ್ಕಳಿಗೆ ತಮ್ಮ ಮನೆತನದ ಬಗ್ಗೆ ಎಷ್ಟು ಗೊತ್ತಿದೆ ಅಂತ ತಿಳಿಯಲು 20 ಪ್ರಶ್ನೆಗಳ ಒಂದು ಪಟ್ಟಿ ಮಾಡಿದ್ದರು. ಅಪ್ಪ ಅಮ್ಮ ಎಲ್ಲಿ ಬೆಳೆದರು, ಅವರು ಹೇಗೆ ಭೇಟಿಯಾದರು, ಈ ಥರದ ಪ್ರಶ್ನೆಗಳು. ಹೆಚ್ಚು ಉತ್ತರ ಗೊತ್ತಿದ್ದ ಮಕ್ಕಳಿಗೆ ತಮ್ಮ ಮೇಲೆ ಭರವಸೆಯೂ ಹೆಚ್ಚಿತ್ತು ಅಂತ ಅವರಿಗೆ ಕಂಡುಬಂತು. ಹಾಗಂತ ಮಕ್ಕಳಿಗೆ ಉತ್ತರ ಬಾಯಿಪಾಠ ಮಾಡಿಸಿದರೆ ಏನೂ ಪ್ರಯೋಜನ ಇಲ್ಲ. ಹಿರಿಯರ ಜೊತೆ ಕೂತು, ಕಥೆ ಕೇಳುತ್ತಾ ಬೆಳೆಯುವುದರಲ್ಲಿ ವಿಷಯ ಇದೆ. ಹಿರಿಯರು ಸುಮ್ನೆ ‘ನಮ್ಮ ಕಾಲದಲ್ಲಿ’ ಅಂತ ಶುರು ಮಾಡಿದರೆ ಮಕ್ಕಳು ಎದ್ದು ಹೋಗುತ್ತಾರೆ. ‘ನೀವು ಚಿಕ್ಕವರಿದ್ದಾಗ ಮಳೆ ಜೋರಾದರೆ ಶಾಲೆಗೆ ಹೇಗೆ ಹೋಗುತ್ತಿದ್ದಿರಿ?’, ‘ಸೆಕೆಗೆ ಎಲ್ಲಿ ಮಲಗುತ್ತಿದ್ದಿರಿ?’ ಅಂತ ಮಕ್ಕಳೇ ಕೇಳುವ ಹಾಗೆ ಮಾಡಿ. ಋತುವಿಗೆ ಅಂಟಿಕೊಂಡ ಪ್ರಶ್ನೆಗೆ ಕಥೆ ತಾನಾಗಿ ಬರುತ್ತದೆ.

ಲೆಕ್ಕ ಇಷ್ಟಪಡುವ ಮಕ್ಕಳಿದ್ದರೆ ಜೀರುಂಡೆ ಎಣಿಸಲಿ. ಜೀರುಂಡೆ ಕೂಗುವ ವೇಗಕ್ಕೂ ಹವೆಯ ಬಿಸಿಗೂ ನಂಟಿದೆ ಅಂತ ಅಮೋಸ್ ಡಾಲ್ಬೇರ್ ಎಂಬ ಅಮೆರಿಕದ ಭೌತವಿಜ್ಞಾನಿ 1897ರಲ್ಲಿ ಒಂದು ಸೂತ್ರವನ್ನೇ ಪ್ರಕಟಿಸಿದರು. ಈಗ ಬಳಕೆಯಲ್ಲಿರುವ ಸರಳ ರೂಪ ಹೀಗಿದೆ: ಎಂಟು ಸೆಕೆಂಡಿನಲ್ಲಿ ಕೇಳಿದ ಕೂಗು ಎಣಿಸಿ, ಐದು ಕೂಡಿಸಿದರೆ ಸೆಲ್ಸಿಯಸ್ ಡಿಗ್ರಿ ಹೆಚ್ಚುಕಡಿಮೆ ಸಿಗುತ್ತದೆ. ಇದು ಅಮೆರಿಕದ ಒಂದು ಜಾತಿಯ ಜೀರುಂಡೆಗೆ ಹೊಂದುವ ಲೆಕ್ಕ. ನಿಮ್ಮ ಸುತ್ತಲಿನದು ಬೇರೆ ವೇಗದಲ್ಲಿ ಕೂಗಬಹುದು. ಒಂದು ಥರ್ಮಾಮೀಟರ್ ಇಟ್ಟುಕೊಂಡು, ಕೆಲವು ರಾತ್ರಿ ಎಣಿಸಿ, ನಿಮ್ಮ ಮನೆಯ ಜೀರುಂಡೆಗೆ ನಿಮ್ಮದೇ ಸೂತ್ರ ಮಾಡಿ.

ಹಂತ 6: ಪುಸ್ತಕ ಇಡಿ

ಒಂದು ಗಟ್ಟಿ ರಟ್ಟಿನ ಪುಸ್ತಕ ಸಾಕು. ಪ್ರತಿ ಗುರುತಿಗೆ ಒಂದು ಪುಟ. ಆ ಪುಟದಲ್ಲಿ ಒಂದು ವರ್ಷಕ್ಕೆ ಒಂದೇ ಸಾಲು: ದಿನಾಂಕ, ಮೊದಲು ಕಂಡವರ ಹೆಸರು, ನಾಲ್ಕು ಪದ. ‘ಮೊದಲ ಚಿಗುರು’ ಪುಟ ತೆಗೆದರೆ ಎಲ್ಲ ವರ್ಷಗಳೂ ಒಂದರ ಕೆಳಗೊಂದು ಕಾಣಬೇಕು. ಡೈರಿಯ ಹಾಗೆ ವರ್ಷಕ್ಕೊಂದು ಪುಸ್ತಕ ಮಾಡಿದರೆ ಹೋಲಿಸಿ ನೋಡುವ ಮಜಾ ಹೋಗುತ್ತದೆ. ಫೋನಿನಲ್ಲಿ ಬರೆಯಬಹುದಲ್ಲ ಅನ್ನಬಹುದು. ಬರೆಯಬಹುದು, ಆದರೆ ಫೋನ್ ಬದಲಾಗುತ್ತಲೇ ಇರುತ್ತದೆ. ಕಾಗದದ ಮೇಲೆ ಐದು ವರ್ಷದ ಮಗುವಿನ ಸೊಟ್ಟ ಅಕ್ಷರವೂ ಉಳಿಯುತ್ತದೆ.

ಗುರುತು ಬಾರದ ವರ್ಷವನ್ನೂ ಬರೆಯಿರಿ. ‘ಈ ವರ್ಷ ಹೂ ಬಿಡಲಿಲ್ಲ’, ‘ಮರ ಕಡಿದರು’. ಇವೂ ದಾಖಲೆಯೇ.

ಹಂತ 7: ಮನೆ ಒಂದೇ ಕಡೆ ಇಲ್ಲದಿದ್ದರೆ

ಮಗ ಒಂದು ಖಂಡ, ತಂದೆತಾಯಿ ಇನ್ನೊಂದು ಖಂಡ ಅನ್ನುವುದು ಈಗ ಮಾಮೂಲು. ಗುರುತು ಎರಡೂ ಕಡೆ ಬೇರೆ ಬೇರೆ ಇರಲಿ, ಕೇಳುವ ಪ್ರಶ್ನೆ ಮಾತ್ರ ಒಂದೇ ಇರಲಿ. ಒಬ್ಬರು ಭೂಮಧ್ಯರೇಖೆಯ ಆಚೆ ಇದ್ದರೆ ಇನ್ನೂ ಚೆಂದ. ಒಂದೇ ದಿನ ಒಬ್ಬರದು ಅತಿ ಉದ್ದದ ಹಗಲು, ಇನ್ನೊಬ್ಬರದು ಅತಿ ಚಿಕ್ಕದು. ಅವತ್ತು ಇಬ್ಬರೂ ತಂತಮ್ಮ ಮಧ್ಯಾಹ್ನದ ನೆರಳಿನ ಫೋಟೊ ಕಳಿಸಿಕೊಂಡರೆ ವಿಡಿಯೊ ಕರೆಯಲ್ಲಿ ಮಾತಿಗೆ ಬರ ಇರುವುದಿಲ್ಲ.

ಅಪ್ಪ ಒಂದು ಕಡೆ, ಅಮ್ಮ ಒಂದು ಕಡೆ ಇರುವ ಮಕ್ಕಳಿಗೆ ಒಂದೇ ಆಚರಣೆಯನ್ನು ಎರಡು ಮನೆಯಲ್ಲಿ ಮಾಡಿಸಬೇಡಿ. ಋತುಗಳನ್ನು ಹಂಚಿಕೊಳ್ಳಿ. ಪುಸ್ತಕ ಮಾತ್ರ ಮಗುವಿನ ಜೊತೆ ಓಡಾಡಲಿ.

ಮನೆಯಲ್ಲಿ ಯಾರಾದರೂ ತೀರಿಕೊಂಡ ವರ್ಷ ಏನು ಮಾಡುವುದು? ಅವರು ಮಾಡುತ್ತಿದ್ದ ಕೆಲಸವನ್ನು ಬೇರೆಯವರಿಗೆ ತಕ್ಷಣ ವಹಿಸಬೇಡಿ. ಆ ವರ್ಷ ಗುರುತು ನೋಡಿ, ಪುಸ್ತಕದಲ್ಲಿ ಬರೆದು, ಅಷ್ಟಕ್ಕೇ ನಿಲ್ಲಿಸಿದರೂ ಸಾಕು. ಮುಂದಿನ ವರ್ಷ ಆ ಕೆಲಸ ಯಾರು ಮಾಡಬೇಕು ಅನ್ನುವುದು ಸಾಮಾನ್ಯವಾಗಿ ಮಾತಿಲ್ಲದೆಯೇ ತೀರ್ಮಾನವಾಗುತ್ತದೆ.

ಹಂತ 8: ಬಿಡುವುದನ್ನೂ ಕಲಿಯಿರಿ

ಮೊದಲ ವರ್ಷ ಒಂದೇ ಋತು ಹಿಡಿಯಿರಿ. ಈಗ ನಡೆಯುತ್ತಿರುವುದಲ್ಲ, ಮುಂದೆ ಬರಲಿರುವುದು. ಕಾಯಲು ಸಮಯ ಸಿಗುತ್ತದೆ. ಎರಡನೇ ವರ್ಷ ಇನ್ನೊಂದು ಸೇರಿಸಿ. ಎಲ್ಲ ಋತುವಿಗೂ ಒಂದೊಂದು ಬೇಕು ಅನ್ನುವ ಹಠ ಬೇಡ. ಎರಡೇ ಇದ್ದರೂ ವರ್ಷಕ್ಕೆ ಆಕಾರ ಬರುತ್ತದೆ.

ವರ್ಷದ ಕೊನೆಗೆ ಎಲ್ಲರನ್ನೂ ಕೇಳಿ: ಯಾವುದನ್ನು ಬಿಟ್ಟರೆ ನಿನಗೆ ಬೇಜಾರಾಗುತ್ತದೆ? ಯಾರೂ ಹೆಸರು ಹೇಳದ ಆಚರಣೆಯನ್ನು ಮರ್ಯಾದೆಯಿಂದ ನಿಲ್ಲಿಸಿ. ಒಬ್ಬರಿಗೆ ಮಾತ್ರ ಬೇಕು ಅಂದರೆ ಅದು ಅವರ ಹವ್ಯಾಸ. ಅವರು ಮುಂದುವರಿಸಲಿ, ಉಳಿದವರು ಬೇಕಾದಾಗ ಸೇರಿಕೊಳ್ಳಲಿ. ಮಕ್ಕಳು ದೊಡ್ಡವರಾದ ಹಾಗೆ ಕೆಲಸವೂ ಬದಲಾಗಬೇಕು. ಮಳೆಯ ಸದ್ದು ಧ್ವನಿಮುದ್ರಿಸುತ್ತಿದ್ದವನಿಗೆ ಹದಿನೈದಾದಾಗ ಅದು ಬೋರ್ ಅನ್ನಿಸಬಹುದು. ಹಳೆಯ ಧ್ವನಿಗಳನ್ನೆಲ್ಲ ಜೋಡಿಸಿ ಒಂದು ಮಾಡು ಅಂತ ಹೇಳಿ ನೋಡಿ. ಬೇಡ ಅಂದರೆ ಅಲ್ಲಿಗೆ ಬಿಡಿ. ತಂಗಿಗೆ ಮೈಕ್ ಹಿಡಿಯಲು ಬರುತ್ತದೆ.